ನನ್ನ ಗೋಡೆ, ಶಂಕ್ರವ್ವನ ಕಟ್ಟಿಗೆ

ವಾದದಲ್ಲಿ ಗೆಲ್ಲುವುದೂ ಒಂದು ಚಟವೇ. ಎಲೆಯಡಿಕೆ, ತಂಬಾಕು ಬಿಡಿಸಲು ಮನೆಯವರು ಬೆನ್ನು ಹತ್ತುತ್ತಾರೆ. ಈ ಚಟಕ್ಕೆ ಮಾತ್ರ ವೇದಿಕೆಗೆ ಕರೆದು, ಚಪ್ಪಾಳೆ ತಟ್ಟಿ, ಬಹುಮಾನ ಕೊಡುತ್ತಾರೆ. ಹಾಗೆ ಕೊಟ್ಟು ಕೊಟ್ಟೇ ನನ್ನನ್ನು ಹಾಳು ಮಾಡಿದರು. ನಾನು ಕಾರಟಗಿಯವಳು. ನಮ್ಮ ಮನೆಯ ಬೆನ್ನಿಗೇ ಅಕ್ಕಿ ಗಿರಣಿ. ಅದರ ಸದ್ದಿನ ಮೇಲೆ ದನಿ ಏರಿಸಿ ಬೆಳೆದ ನಮಗೆ ಉಪ್ಪು ಕೇಳುವುದೂ ಒಂದು ಭಾಷಣವೇ. ಮನೆ ತುಂಬ ಜನ. ಚಿಕ್ಕಪ್ಪ ಯಾವುದನ್ನಾದರೂ ಹೌದೆಂದರೆ ನಾನು ಅಲ್ಲವೆನ್ನಬೇಕು, ಅವನು ಅಲ್ಲವೆಂದರೆ ನಾನು ಹೌದೆನ್ನಬೇಕು. ಈ ತಾಲೀಮಿನ ಬಲದಿಂದಲೇ ಕಾಲೇಜಿನಲ್ಲಿ ಚರ್ಚಾ ಸ್ಪರ್ಧೆ ಎಲ್ಲಿ ನಡೆದರೂ ಹೋಗಿ, ಕಟ್ಟಿಗೆಯ ಫಲಕವೊಂದನ್ನು ಬಗಲಲ್ಲಿ ಇಟ್ಟುಕೊಂಡು ಬರುತ್ತಿದ್ದೆ.

ಈಗ ಹನುಮಸಾಗರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಶಂಕ್ರವ್ವ ಎಂಬ ಹಿರಿಯ ಹೆಣ್ಣುಮಗಳ ಮನೆಯ ಹಿತ್ತಲಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದಿದ್ದೇನೆ. ಬಂದ ಹೊಸದರಲ್ಲೇ ಸ್ಟಾಫ್ ರೂಮಿನಲ್ಲಿ ಗ್ರಹಣದ ದಿನ ಉಣ್ಣಬಹುದೇ, ಹಲ್ಲಿ ಮೈಮೇಲೆ ಬಿದ್ದರೆ ಏನಾಗುತ್ತದೆ ಎಂಬ ವಿಷಯಗಳಲ್ಲಿ ಎಲ್ಲರನ್ನೂ ಸೋಲಿಸಿಬಿಟ್ಟೆ. ಅದರ ಫಲವೆಂದರೆ, ಈಗ ನಾನು ಒಳಗೆ ಕಾಲಿಟ್ಟ ಕೂಡಲೇ ಎಲ್ಲರಿಗೂ ತಿದ್ದದೆ ಉಳಿದ ಉತ್ತರ ಪತ್ರಿಕೆಗಳ ನೆನಪಾಗುತ್ತದೆ. ಸಂಜೆ ಬಂದು ಕೀಲಿ ತೆಗೆದರೆ ಮನೆಯಲ್ಲಿ ನನ್ನ ಮಾತಿಗೆ ಎದುರು ಮಾತಾಡುವುದು ಕುಕ್ಕರ್ ಒಂದೇ. ಅದೂ ಮೂರು ಸಲ ಕೂಗಿ ಸುಮ್ಮನಾಗುತ್ತದೆ. ಅವ್ವನಿಗೆ ಫೋನು ಮಾಡಿದರೆ ಅವ್ವನಿಗಿಂತ ಗಿರಣಿಯೇ ಹೆಚ್ಚು ಮಾತಾಡುತ್ತದೆ.

ಇಷ್ಟರ ನಡುವೆ ದಿನಕ್ಕೊಮ್ಮೆ ತಪ್ಪದೆ ನನ್ನನ್ನು ಮಾತಾಡಿಸುತ್ತಿದ್ದವಳು ಶಂಕ್ರವ್ವ. ಅವಳ ಮನೆಯಲ್ಲಿ ಗ್ಯಾಸ್ ಇದೆ, ಆದರೆ ಅದು ಚಹಾಕ್ಕೆ ಮಾತ್ರ. ಸ್ನಾನದ ನೀರಿಗೆ ಮತ್ತು ರೊಟ್ಟಿಗೆ ಕಟ್ಟಿಗೆಯೇ ಆಗಬೇಕು. ಜಾಲಿ, ತೊಗರಿ, ಹತ್ತಿಯ ಕಟ್ಟಿಗೆಯನ್ನೆಲ್ಲ ನಾನು ಮಲಗುವ ಕೋಣೆಯ ಗೋಡೆಗೆ ಆನಿಸಿ, ಕಿಟಕಿಯ ಮಟ್ಟಕ್ಕೆ ಒಟ್ಟಿದ್ದಳು. ಬೆಳಕು ಹರಿಯುತ್ತಲೇ ಬಂದು ಒಂದು ತುಂಡು ಎಳೆದು, ಅಲ್ಲಿದ್ದ ಕಲ್ಲಿಗೆ ಟಪ್ ಟಪ್ ಎಂದು ಬಡಿಯುವಳು. ಗೆದ್ದಲು ಉದುರುತ್ತಿದ್ದಂತೆ ಓಣಿಯ ಕೋಳಿಗಳೆಲ್ಲ ಓಡಿ ಬರುತ್ತಿದ್ದವು. ಬಡಿತದ ನಡುವೆ ಕಿಟಕಿಗೆ ಮಾತು.

"ಎದ್ದೇನವಾ ಟೀಚರವ್ವಾ?"

"ಎದ್ದೀನ್ರಿ." ಆ ಸದ್ದಿಗೆ ಏಳದೆ ಗತಿಯಿಲ್ಲ.

"ರಾತ್ರಿ ಏನ್ ಉಂಡಿ?"

"ಅನ್ನ, ಸಾರು."

"ದಿನಾ ಅನ್ನಾನ? ನಿಮ್ಮ ಕಾರಟಗಿ ಮಂದಿಗೆ ಅನ್ನ ಬಿಟ್ರ ಬ್ಯಾರೆ ಏನೂ ಕಾಣಂಗಿಲ್ಲ ನೋಡು. ಮೈಯಾಗ ಕಸುವು ಎಲ್ಲಿಂದ ಬರಬೇಕು? ತಡಿ, ರೊಟ್ಟಿ ಕೊಡ್ತೀನಿ."

ನಾನು ಉಂಡೆನೋ ಇಲ್ಲವೋ ಎಂದು ಈ ಊರಿನಲ್ಲಿ ಕೇಳುತ್ತಿದ್ದವಳು ಅವಳೊಬ್ಬಳೇ. ನಾನು ಮಾತ್ರ ಅದನ್ನು ನಿದ್ದೆಗೇಡು ಎಂದು ತಿಳಿದಿದ್ದೆ.

ಒಂದು ಭಾನುವಾರ ಕಸ ಹೊಡೆಯುವಾಗ, ಗೋಡೆಯ ಮೇಲೆ ನೆಲದಿಂದ ಗೂಡಿನವರೆಗೆ ಹೆಬ್ಬೆರಳಗಲದ ಮಣ್ಣಿನ ಗೆರೆ ಕಂಡಿತು. ಗೂಡಿನಲ್ಲಿ ನನ್ನ ಫಲಕಗಳು ಸಾಲಾಗಿ ನಿಂತಿದ್ದವು. ದೊಡ್ಡದನ್ನು ಎತ್ತಿದೆ. ಕೈಗೆ ಬಂದದ್ದು 'ಪ್ರಥಮ' ಎಂದು ಕೊರೆದ ಹಿತ್ತಾಳೆಯ ತಗಡು. ಹಿಂದಿನ ಹಲಗೆ ಹಪ್ಪಳದ ಹಾಗೆ ಮುರಿದು ಗೂಡಿನಲ್ಲೇ ಬಿತ್ತು. ಗೆದ್ದಲು ಒಳಗಿನದನ್ನೆಲ್ಲ ತಿಂದು, ಹೊರಗಿನ ಹೊಳಪನ್ನು ನನಗಾಗಿ ಉಳಿಸಿತ್ತು. ಮೊದಲ ಬಹುಮಾನಗಳಿಗೆಲ್ಲ ಇದೇ ಗತಿ. ಒಮ್ಮೆ ಗಂಟಲು ಕಟ್ಟಿದ್ದಾಗ ಬಂದ ಸಮಾಧಾನಕರ ಬಹುಮಾನವೊಂದು ಪ್ಲಾಸ್ಟಿಕ್ಕಿನದು, ಅದಕ್ಕೇನೂ ಆಗಿರಲಿಲ್ಲ.

ಸಾಕ್ಷಿ ಸಮೇತ ಹೊರಟೆ. ಶಂಕ್ರವ್ವ ಅಂಗಳದಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದಳು. ಉಳಿದಿದ್ದ ತಗಡನ್ನು ತಿರುಗಿಸಿ ನೋಡಿ, "ಇದೇನವಾ, ತಾಟೇನು?" ಎಂದಳು.

"ಬಹುಮಾನರಿ. ಮಾತಾಡಿದ್ದಕ್ಕ ಕೊಟ್ಟಿದ್ದು."

"ಮಾತಾಡಿದ್ದಕ್ಕ? ಹಂಗಾರ ನಮ್ಮ ಸೊಸಿಗೆ ಒಂದು ಗಾಡಿ ತುಂಬ ಕೊಡಬೇಕಾಗತೈತಿ ಬಿಡು!" ಒಳಗಿನಿಂದ ಸೊಸೆ ಪಾತ್ರೆ ಕುಕ್ಕಿದ ಸದ್ದು ಬಂತು.

"ಒರಲಿ ತಿಂದಾವ್ರಿ. ನಿಮ್ಮ ಕಟಗಿಯಿಂದ ಬಂದಾವು."

"ಕಟಗಿ ಏನ್ ಮಾಡೀತವಾ? ಮಂದಿ ಅಡ್ಡಾಡೋ ಮನಿಗೆ ಒರಲಿ ಬರಂಗಿಲ್ಲ. ನೀ ಮುಂಜಾನಿ ಕೀಲಿ ಹಾಕ್ಕೊಂಡು ಹೋಗ್ತಿ. ಸಂಜಿಕ ಬಂದು ಮತ್ತ ಒಳಗಿಂದ ಚಿಲಕ ಹಾಕ್ಕೊಂತಿ. ಅವಕ್ಕರ ಯಾರ ಭಿಡೇ ಐತಿ ಹೇಳು?"

ಅವಳು ಚುಚ್ಚಲೆಂದು ಹೇಳಿದ್ದಲ್ಲ, ಆದರೂ ಚುಚ್ಚಿತು. ಚುಚ್ಚಿದಾಗ ಉಳಿದವರು ಅಳುತ್ತಾರೆ, ನಾನು ಅಂಶಗಳನ್ನು ಮಂಡಿಸುತ್ತೇನೆ. ನನ್ನ ಮನೆಗೆ ಯಾರೂ ಬರುವುದಿಲ್ಲವೆಂದು ಗೆದ್ದಲಿಗೆ ಹೇಳಿದವರು ಯಾರು? ಕಣ್ಣೇ ಕಾಣದ ಹುಳ ನೆಂಟರನ್ನು ಹೇಗೆ ಗುರುತಿಸುತ್ತದೆ? ಅದಕ್ಕೆ ಬೇಕಾದದ್ದು ಕಟ್ಟಿಗೆ, ತೇವ, ಕತ್ತಲು. ಕಟ್ಟಿಗೆ ಗೋಡೆಗೆ ಆತುಕೊಂಡಿದೆ, ಬುಡದಲ್ಲಿ ಬಚ್ಚಲ ನೀರು ನಿಲ್ಲುತ್ತದೆ, ಅಡಿಯಲ್ಲಿ ಬಿಸಿಲು ಬೀಳುವುದಿಲ್ಲ. ಹೀಗೆ ಸಾಗಿತು ನನ್ನ ಮಂಡನೆ. ಇನ್ನೂ ಅರ್ಧ ಉಳಿದಿತ್ತು, ಅಷ್ಟರಲ್ಲಿ ಶಂಕ್ರವ್ವ ಜೋಳದ ಮೊರ ಕೆಳಗಿಟ್ಟು, "ನೀ ಹೇಳೂದೂ ಖರೇನ ಐತವಾ" ಎಂದುಬಿಟ್ಟಳು. ಎದುರಾಳಿ ಒಪ್ಪಿಕೊಂಡುಬಿಟ್ಟರೆ ಉಳಿದ ಅಂಶಗಳನ್ನು ಎಲ್ಲಿಗೆ ಒಯ್ಯಬೇಕು? ಅದನ್ನು ನನಗೆ ಯಾರೂ ಕಲಿಸಿರಲಿಲ್ಲ. ಸಂಜೆ ಅವಳ ಮಗ ಬಂದು ಕಟ್ಟಿಗೆಯನ್ನೆಲ್ಲ ಅವರ ಮನೆಯ ಮುಂದಿನ ದನದ ಕೊಟ್ಟಿಗೆಯ ಪಕ್ಕಕ್ಕೆ ಸಾಗಿಸಿ, ಕಲ್ಲಿನ ಮೇಲೆ ಅಚ್ಚುಕಟ್ಟಾಗಿ ಒಟ್ಟಿದ.

ನಾನು ಮಣ್ಣಿನ ಗೆರೆ ಕೆರೆದು, ಟ್ರ್ಯಾಕ್ಟರ್ ಗ್ಯಾರೇಜಿನಿಂದ ಸುಟ್ಟ ಆಯಿಲ್ ತಂದು ಬಾಗಿಲ ಚೌಕಟ್ಟಿಗೆ ಬಳಿದೆ. ಗೆದ್ದಲು ಮತ್ತೆ ಬರಲಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಇಂಥ ಕಥೆಗಳ ಕೊನೆಯಲ್ಲಿ ಕಾಲೇಜು ಓದಿದವಳದೇ ತಪ್ಪು ಎಂದು ತೋರಿಸುವ ರೂಢಿ ಇದೆ. ನಾನು ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ.

ಮರುದಿನ ಹೊತ್ತೇರುವವರೆಗೂ ಮಲಗಿದೆ. ಟಪ್ ಟಪ್ ಸದ್ದು ಎಲ್ಲೋ ದೂರದಲ್ಲಿ, ಬೇರೆ ಯಾರಿಗೋ ಎಂಬಂತೆ ಕೇಳಿತು. ಕೋಳಿಗಳೂ ಪಕ್ಷಾಂತರ ಮಾಡಿದ್ದವು. ಮೊದಮೊದಲು ಹಾಯೆನಿಸಿತು. ಆಮೇಲೆ ಒಂದು ರಾತ್ರಿ, ಅನ್ನದ ಬಗ್ಗೆ ಶಂಕ್ರವ್ವ ಆಡುವ ಮಾತಿಗೆ ತಕ್ಕ ಉತ್ತರವಾಗಲೆಂದೇ ಕಷ್ಟಪಟ್ಟು ಚಪಾತಿ ಮಾಡಿಕೊಂಡೆ. ಬೆಳಿಗ್ಗೆ ಉತ್ತರ ಹಿಡಿದುಕೊಂಡು ಹಾಸಿಗೆಯಲ್ಲಿ ಎಚ್ಚರವಾಗಿ ಮಲಗಿದ್ದೆ. ಪ್ರಶ್ನೆ ಬರಲಿಲ್ಲ.

ಸಂಜೆ ನಾನೇ ಮುಂದಿನ ಮನೆಗೆ ಹೋದೆ. ಶಂಕ್ರವ್ವ ಒಲೆಯ ಮುಂದಿದ್ದಳು. ಸುತ್ತ ಸೊಸೆ, ಮೊಮ್ಮಕ್ಕಳು, ಅವರ ಜಗಳ, ನಗು. "ಬಾರವಾ, ಏನ್ ಬೇಕಾಗಿತ್ತು?" ಎಂದಳು. ಪ್ರೀತಿಯಿಂದಲೇ ಕೇಳಿದಳು. ಆದರೆ ಏನು ಬೇಕಾಗಿತ್ತೆಂಬುದಕ್ಕೆ ನನ್ನ ಬಳಿ ಒಂದು ಅಂಶವೂ ಇರಲಿಲ್ಲ.

"ಏನಿಲ್ಲರಿ. ಒರಲಿ ಹೋದ್ವು ಅಂತ ಹೇಳಾಕ ಬಂದೆ."

"ಛಲೋ ಆತು ಬಿಡವಾ" ಎಂದು ರೊಟ್ಟಿ ತಿರುವಿದಳು. ವಿಷಯ ಮುಗಿಯಿತು.

ಹೊರಬಂದವಳು ಕೊಟ್ಟಿಗೆಯ ಬಳಿ ನಿಂತು, ಆಚೀಚೆ ನೋಡಿ, ಜಾಲಿಯ ತುಂಡೊಂದನ್ನು ಎಳೆದುಕೊಂಡೆ. ತಂದು ನನ್ನ ಕೋಣೆಯ ಗೋಡೆಗೆ, ಕಿಟಕಿಯ ಕೆಳಗೆ, ಮೊದಲಿದ್ದ ಜಾಗದಲ್ಲೇ ಆನಿಸಿದೆ. ಬೆಳಿಗ್ಗೆ ಹಿತ್ತಲಿಗೆ ಬಂದ ಶಂಕ್ರವ್ವನ ದನಿ ಕೇಳಿತು.

"ಟೀಚರವ್ವಾ! ಈ ಕಟಗಿ ಇಲ್ಲಿಗ್ಯಾಕ ಬಂದೈತಿ?"

"ಪ್ರಯೋಗರಿ" ಎಂದೆ ಕಿಟಕಿಯಿಂದ. "ಮಂದಿ ಅಡ್ಡಾಡಿದ್ರ ಒರಲಿ ಬರಂಗಿಲ್ಲ ಅಂದ್ರಲ್ಲ, ಅದು ಖರೇನೋ ಸುಳ್ಳೋ ನೋಡಬೇಕು. ನೀವು ದಿನಾ ಬಂದು ಇಲ್ಲಿ ಅಡ್ಡಾಡಬೇಕಾಗತೈತಿ."

"ನನಗೇನ್ ಬ್ಯಾರೆ ಉದ್ಯೋಗ ಇಲ್ಲೇನ?" ಎಂದು ಬೈದಳು. ಬೈದವಳು ಮರುದಿನ ಬಂದಳು, ಅದರ ಮರುದಿನವೂ ಬಂದಳು. ಬಂದು ತುಂಡನ್ನು ಕಲ್ಲಿಗೆ ಬಡಿಯುತ್ತಾಳೆ. ಕೋಳಿಗಳು ಓಡಿ ಬಂದು ಸುತ್ತ ನಿಲ್ಲುತ್ತವೆ. ಈವರೆಗೆ ಒಂದು ಹುಳವೂ ಉದುರಿಲ್ಲ. ಅಂದರೆ ಎದುರು ಪಕ್ಷದ ವಾದಕ್ಕೆ ದಿನದಿನಕ್ಕೂ ಬಲ ಬರುತ್ತಿದೆ, ಮತ್ತು ಕೋಳಿಗಳು ಬರಿ ನೆಲ ಕೆದರಿ ನನ್ನ ಕಡೆ ಕತ್ತು ಓರೆ ಮಾಡಿ ನೋಡುತ್ತವೆ. ಒಂದೇ ತುಂಡಿನಿಂದ ಏನೂ ಸಾಬೀತಾಗುವುದಿಲ್ಲ, ಮಳೆಗಾಲ, ಚಳಿಗಾಲ, ಬೇಸಿಗೆ ಎಲ್ಲವನ್ನೂ ನೋಡಬೇಕು ಎಂದು ಶಂಕ್ರವ್ವನಿಗೆ ಹೇಳಿದ್ದೇನೆ.

"ನೋಡೂಣಂತ, ಎಲ್ಲಿಗಿ ಓಡಿ ಹೊಂಟೇವಿ" ಎಂದಳು ಇವತ್ತು, ತುಂಡನ್ನು ಗೋಡೆಗೆ ಆನಿಸುತ್ತ. "ರಾತ್ರಿ ಏನ್ ಉಂಡಿ?"

"ಅನ್ನ" ಎಂದೆ.

ಚಪಾತಿ ಉಂಡಿದ್ದೆ.