ತಲಿ ಬಗ್ಗಿಸಿ ನೋಡೂ ಡಬ್ಬಿ

ಫೋಟೋ ತಗಸೂ ಹೊತ್ತಿನಾಗ ಎಂಥಾ ಶ್ಯಾಣ್ಯಾರೂ ಒಂದೀಟು ತಿಕ್ಕಲ ಆಗತಾರ. ನಮ್ಮನಿಯವರ ಕ್ಯಾಮೆರಾ ಮುಂದಂತೂ ಪೂರ್ತಿನ ಆಗತಿದ್ರು.

ಬೈಲಹೊಂಗಲದಾಗ ನಮ್ಮದೊಂದು ಸಣ್ಣ ಫೋಟೋ ಅಂಗಡಿ. ಕ್ಯಾಮೆರಾ ನಮ್ಮ ಮಾವನವರ ಕಾಲದ್ದು, ಒಂದರ ಮ್ಯಾಲೊಂದು ಎರಡು ಕಣ್ಣಿದ್ದ ಕರೀ ಡಬ್ಬಿ. ಮ್ಯಾಲಿನ ಕಣ್ಣು ನೋಡಾಕ, ಕೆಳಗಿಂದು ಫೋಟೋ ಹಿಡಿಯಾಕ. ಅದನ್ನ ಕೊಳ್ಳಾಗ ಹಾಕ್ಕೊಂಡು, ಹೊಟ್ಟಿ ಹಂತೇಕ ಹಿಡದು, ಮುಚ್ಚಳಾ ತಗದು, ತಲಿ ಬಗ್ಗಿಸಿ ಒಳಗಿನ ಗಾಜಿನ್ಯಾಗ ಎದುರಿನವರನ್ನ ನೋಡಬೇಕು. ಒಂದು ರೋಲಿಗೆ ಹನ್ನೆರಡೇ ಫೋಟೋ. ಹಿಂಗಾಗಿ ಎದುರಿನವರ ಮಾರಿ ಅರಳೂತನಕ ನಮ್ಮನಿಯವರು ಬಟನ್ ಒತ್ತತಿರಲಿಲ್ಲ. ಅವರು ತಗದ ಫೋಟೋದಾಗ ಸೀರಿ ಸೆರಗಿನ ಎಳಿ ಸೈತ ಎಣಸಬಹುದಿತ್ತು, ನೋಡ್ರಿ.

ತೊಂಬತ್ತರ ಆಚೀಚೆ ಬಸ್‌ಸ್ಟ್ಯಾಂಡ್ ಹಂತೇಕ ಒಂದು ಹೊಸಾ ಸ್ಟುಡಿಯೋ ಬಂತು. ಹೊಸಾ ಕ್ಯಾಮೆರಾ, ಪಟಪಟ ಫೋಟೋ. ನಮ್ಮ ಗಿರಾಕಿ ಒಬ್ಬೊಬ್ಬರ ಆ ಕಡೆ ಜಾರಿದ್ರು. ಒಂದಿನ ನಮ್ಮನಿಯವರು ಡಬ್ಬಿ ಒರಸಿಕೋತ ಅಂದ್ರು, "ಚಚಡಿ ಕಡೆ ದೊಡ್ಡಮನಿಯಾಗ ಮದವಿ ಐತಿ. ಆ ಕೆಲಸಾ ಸಿಕ್ಕರ ಈ ಡಬ್ಬಿ ಉಳೀತು. ಇಲ್ಲಂದ್ರ ಇದನ್ನ ಮಾರಿ ಕಿರಾಣಿ ಅಂಗಡಿ ಇಡತೇನಿ."

ಕೂಸಿನ್ನ ಮಾರತೇನಿ ಅಂದಂಗ ಇತ್ತು ಅವರ ಮಾರಿ.

ರುಮಾಲಿನ ಫೋಟೋ

ಅದ ಸುಗ್ಗ್ಯಾಗ ಕಿತ್ತೂರ ಹತ್ರ ದೇಗಾಂವದ ಒಬ್ಬ ಅಜ್ಜಾರ ಫೋಟೋ ತಗಿಯಾಕ ಹೋದ್ರು. ಅಜ್ಜಾರು ಇಷ್ಟ ದೊಡ್ಡ ರುಮಾಲ ಸುತ್ತಿ, ಸೆಟದು ನಿಂತಾರ. ಇವರು ಡಬ್ಬಿಯೊಳಗ ನೋಡಾಕ ತಲಿ ಬಗ್ಗಿಸಿದ್ರು. ಅಜ್ಜಾರೂ ಕೈ ಮುಗದು ತಲಿ ಬಗ್ಗಿಸಿದ್ರು!

"ಅಜ್ಜಾರ, ತಲಿ ಎತ್ತರಿ."

"ನೀವ ಮೊದಲ ಎತ್ತರಿ. ಮನಿಗಿ ಬಂದವರು ಬಗ್ಗಿ ನಮಸ್ಕಾರ ಮಾಡೂ ಮುಂದ ನಾ ಸೆಟದು ನಿಂತ್ರ ಮಂದಿ ಏನಂದಾರು?"

ಇವರು ಬಗ್ಗಿದ್ರ ಅವರೂ ಬಗ್ಗತಾರ. ಇವರು ಎದ್ದರ ಅವರೂ ಏಳತಾರ. ಈಗ ತಲಿ ಎತ್ತ್ಯಾರು ಅಂತ ಒತ್ತಿ ಒತ್ತಿ ರೋಲ ಖಾಲಿ ಆತು, ಮಾರಿ ಒಂದರಾಗೂ ಬರಲಿಲ್ಲ. ಹೆದರಿಕೋತ ಫೋಟೋ ಒಯ್ದು ಕೊಟ್ಟರ, ಅಜ್ಜಿ ದಿಟ್ಟಿಸಿ ನೋಡಿ ಅಂದ್ಲು, "ರುಮಾಲ ಭಾಳ ಚಂದ ಬಂದೈತ್ರಿ. ಮಾರಿ ಬಂದಿದ್ರ ಇಷ್ಟ ಚಂದ ಕಾಣತಿರಲಿಲ್ಲ."

ಗ್ವಾದಲಿಯೊಳಗಿನ ಮಾವ

ಮುಂದ ಕಟಕೋಳದಾಗ ಒಂದು ಮನಿತನದ ಫೋಟೋ. ಹೆಣ್ಣಮಕ್ಕಳ ಸೆರಗು ಸರಿ ಮಾಡಾಕ ನಾನೂ ಹೋಗಿದ್ದೆ. ಡಬ್ಬಿ ಮೂರು ಕಾಲಿನ ಸ್ಟ್ಯಾಂಡಿನ ಮ್ಯಾಲಿತ್ತು. ನಮ್ಮನಿಯವರು ಹುಡುಗರನ್ನ ಮುಂದ ಕುಂದರಸಿಕೋತ, "ಎಲ್ಲಾರೂ ಬಂದಾರೇನು, ಒಳಗ ನೋಡಿ ಹೇಳು" ಅಂದ್ರು.

ನೋಡಿದ್ನಿ. ಕಡೀಗೆ ನಿಂತಿದ್ದ ಆ ಮನಿಯ ಮಾವ ಅರ್ಧಾ ಕಟ್ಟಾಗಿದ್ದ. ಕೈ ಮಾಡಿ, "ಮಾವಾರ, ಈ ಕಡೆ ಸರೀರಿ" ಅಂದೆ. ಸರದ, ಪೂರ್ತಿ ಮಾಯ ಆದ! ಆ ಡಬ್ಬಿಯೊಳಗ ಎಡ ಬಲ ಅದಲು ಬದಲು ಕಾಣತೈತಿ ಅನ್ನೂದು ನನಗೆಲ್ಲಿ ಗೊತ್ತು? "ಇನ್ನೊಂಚೂರು, ಇನ್ನೊಂಚೂರು" ಅಂತ ಕೈ ಮಾಡಿದ್ದ ಮಾಡಿದ್ದು. ಪಾಪ, ಹೇಳಿದಂಗ ಕೇಳೂ ಮನಶ್ಯಾ. ಸರದು ಸರದು ಎಮ್ಮಿ ಮೇವು ತಿನ್ನೂ ಗ್ವಾದಲಿಯೊಳಗ ದೊಪ್ಪಂತ ಕುಂತ. ಅಲ್ಲಿಂದನ ಕೇಳಿದ, "ತಂಗೀ, ಈಗರೆ ಫೋಟೋದಾಗ ಬಂದ್ನೇನ?"

ದೊಡ್ಡವ್ವಾರ ಪರೀಕ್ಷಾ

ಈ ಸುದ್ದಿ ದೊಡ್ಡಮನಿಗೂ ಮುಟ್ಟಿತು. ಅಲ್ಲಿ ಗಂಡಮಕ್ಕಳು ನಕ್ಕು, "ಆ ಮುದಿ ಡಬ್ಬಿ ಬ್ಯಾಡ, ಹೊಸಾ ಸ್ಟುಡಿಯೋದವನ್ನ ಕರಸೂಣು" ಅಂದ್ರಂತ. ಅವರ ತಾಯಿ ದೊಡ್ಡವ್ವಾರು, ಹುಟ್ಟಿದಾಗಿಂದ ಫೋಟೋಕ್ಕ ಕುಂತವರಲ್ಲ. "ಇಬ್ಬರನ್ನೂ ಕರೀರಿ. ಯಾರು ನನ್ನ ಫೋಟೋ ತಗೀತಾರ, ಅವರದ ಮದವಿ" ಅಂದ್ರು.

ಸ್ಟುಡಿಯೋದವ ಮೊದಲ ಬಂದ. ಕ್ಯಾಮೆರಾ ಮಾರಿಗೆ ಹಚ್ಚಿ ಒಂದು ಕಣ್ಣು ಮುಚ್ಚಿದ. ದೊಡ್ಡವ್ವಾರು ಮಾರಿ ತುಂಬ ಸೆರಗು ಎಳಕೊಂಡು ಗುಡುಗಿದ್ರು, "ಏ ಭಾಡ್ಯಾ, ಈ ವಯಸ್ಸಿನಾಗ ನನಗ ಕಣ್ಣ ಹೊಡೀತಿ? ಹೊರಗ ನಡಿ!"

ಆಮ್ಯಾಲ ನಮ್ಮನಿಯವರು ನನ್ನ ಜೋಡಿ ಒಳಗ ಬಂದು, ಡಬ್ಬಿ ಹಿಡದು, ತಲಿ ಬಗ್ಗಿಸಿ ನಿಂತ್ರು.

"ನೋಡ್ರಿ, ಮನಿತನಸ್ಥ ಅಂದ್ರ ಹಿಂಗಿರಬೇಕು. ಹೆಣ್ಣಮಕ್ಕಳನ್ನ ಕಣ್ಣೆತ್ತಿ ಸೈತ ನೋಡವಲ್ಲ" ಅಂತ ದೊಡ್ಡವ್ವಾರ ಮಾರಿ ಅರಳಿತು. ಸೆರಗು ಸರೀತು. ಇವರು ಸದ್ದಿಲ್ಲದ ಬಟನ್ ಒತ್ತಿದ್ರು, "ಆತ್ರಿ ಅವ್ವಾರ" ಅಂತ ಡಬ್ಬಿ ಮೇಜಿನ ಮ್ಯಾಲಿಟ್ಟರು.

"ನೆಲಾ ನೋಡಕೋತ ನನ್ನ ಫೋಟೋ ಹೆಂಗ ತಗದಿ?" ಅಂತ ದೊಡ್ಡವ್ವಾರು ಬಂದು ಡಬ್ಬಿಯೊಳಗ ಬಗ್ಗೇಬಿಟ್ಟರು. ಮದವಿ ಹೋತು, ಡಬ್ಬಿ ಹೋತು ಅನಕೊಂಡ್ನಿ ನಾ!

"ಅಯ್ ನಿನ್ನ! ಎಲ್ಲಾ ಕಾಣತೈತಲ್ಲೋ ಇದರಾಗ!"

ನಮ್ಮನಿಯವರು ಡಬ್ಬಿ ಇಸ್ಕೊಳ್ಳಾಕ ಕೈ ಚಾಚಿದ್ರು. ದೊಡ್ಡವ್ವಾರು ತಲಿ ಎತ್ತಲಿಲ್ಲ. ಡಬ್ಬಿ ಮೆಲ್ಲಕ ಅಡಗಿಮನಿ ಕಡೆ ತಿರಿವಿದ್ರು. ಆಮ್ಯಾಲ ದನಿ ಇಳಿಸಿ ಅಂದ್ರು, "ಸುಮ್ನಿರ್ರಿ. ನಡುವಿನ ಸೊಸಿ ತುಪ್ಪದ ಗಡಿಗಿಗೆ ಕೈ ಹಾಕ್ಯಾಳ."

ಮತ್ತ ನಮ್ಮನಿಯವರ ಕಡೆ ಹೊಳ್ಳಿ, "ಮದವಿ ನಿಂದ, ಅಪ್ಪಾ. ಆದ್ರ ಅಲ್ಲೀತನಕ ಡಬ್ಬಿ ಇಲ್ಲೇ ಇರಲಿ. ಮದಮಕ್ಕಳ ತಲಿ ಮ್ಯಾಲೆ ಅಕ್ಕಿಕಾಳು ಬೀಳೂ ಹೊತ್ತಿನಾಗ ಬೇಕಾದ್ರ ನನ್ನ ಕೇಳಿ ಇಸ್ಕೋ."