ಬೆಕ್ಕಿನ ಮರಿಗೆ ಮೀನು ಕಲಿಸಿದ್ದು

ಬೆಕ್ಕಿಗೆ ಮೀನು ತಿನ್ನುವುದನ್ನು ಕಲಿಸಬೇಕಾಗುತ್ತದೆ ಎಂದು ಯಾರಾದರೂ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ನಾನು ಹುಟ್ಟಿದ್ದು ಕಾಸರಕೋಡಿನಲ್ಲಿ. ನಮ್ಮ ದೋಣಿ ದಡಕ್ಕೆ ಬಂದರೆ ಕೇರಿಯ ಬೆಕ್ಕುಗಳೆಲ್ಲ ನಮಗಿಂತ ಮೊದಲೇ ಹೋಗಿ ಕೂತಿರುತ್ತಿದ್ದವು. ಅವುಗಳಿಗೆ ಯಾರು ಕಲಿಸಿದರು, ಹೇಗೆ ಕಲಿಸಿದರು ಎಂದು ಯೋಚಿಸುವ ಪ್ರಸಂಗ ನನಗೆ ಬಂದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಕುಮಟೆಯ ಬಾಡಿಗೆ ಕೋಣೆಯೊಂದರಲ್ಲಿ ಮೂರು ಮರಿಗಳು ನನ್ನ ಮುಖ ನೋಡಿ ಬಾಯಿ ಬಿಟ್ಟು ಕೂಗತೊಡಗಿದಾಗ.

ಆ ಕೋಣೆಯಲ್ಲಿ ಇದ್ದವರು ಇಬ್ಬರು: ನಾನು, ಮತ್ತು ಕತಗಾಲ ಕಡೆಯ ಗಣಪತಿ ಹೆಗಡೆ. ಇಬ್ಬರೂ ಒಂದೇ ಸಹಕಾರಿ ಸಂಘದಲ್ಲಿ ಗುಮಾಸ್ತರು, ಇಬ್ಬರಿಗೂ ಮದುವೆಯಾಗಿರಲಿಲ್ಲ. ಆದರೆ ಅವನಿಗೆ ಸಂತೆಗುಳಿಯ ಹುಡುಗಿಯೊಬ್ಬಳನ್ನು ನೋಡಿ ಮಾತುಕತೆ ಹೆಚ್ಚುಕಡಿಮೆ ಮುಗಿದಿತ್ತು. ನಮ್ಮ ನಡುವಿನ ಕರಾರು ಒಂದೇ, ಕೋಣೆಯೊಳಗೆ ಮೀನು ಬರಕೂಡದು. ನಾನು ಖಾನಾವಳಿಯಲ್ಲಿ ತಿಂದು, ಸೋಪು ಹಾಕಿ ಕೈ ತೊಳೆದು, ಬಾಯಿಗೊಂದು ಎಲೆ ಅಡಿಕೆ ಹಾಕಿಕೊಂಡೇ ಒಳಗೆ ಬರುತ್ತಿದ್ದೆ. ಗಣಪತಿಗೆ ವಾಸನೆ ತಿಳಿಯುತ್ತಿರಲಿಲ್ಲ, ಬೆಕ್ಕಿಗೆ ತಿಳಿಯಿತು. ಬೂದು ಬಣ್ಣದ ಗಬ್ಬದ ಬೆಕ್ಕೊಂದು ನನ್ನ ಹಿಂದೆಯೇ ಬಂದು, ಅವನ ಮಂಚದ ಕೆಳಗೆ ಮರಿ ಹಾಕಿತು. ಅವನೋ, ಮನೆಮಗಳ ಬಾಣಂತನದ ಹಾಗೆ ಅದಕ್ಕೆ ಉಪಚಾರ ಮಾಡಿದ. ಹಾಲೆಲ್ಲ ಅದರ ಪಾಲಾಗಿ ನನ್ನ ಚಹಾ ತೆಳ್ಳಗಾಯಿತು.

ಮರಿಗಳಿಗೆ ಹಲ್ಲು ಮೂಡುವ ಹೊತ್ತಿಗೆ ತಾಯಿಗೆ ಸಾಕುಸಾಕಾಗಿತ್ತು. ಮೊಲೆಗೆ ಬಾಯಿ ಹಾಕಲು ಬಂದರೆ ಮುಖಕ್ಕೊಂದು ಕೊಟ್ಟು ಎದ್ದು ಹೋಗುತ್ತಿತ್ತು. ಒಂದು ಬೆಳಿಗ್ಗೆ ಎದ್ದು ಹೋದದ್ದು ಮತ್ತೆ ಬರಲೇ ಇಲ್ಲ. "ಮೀನಿನ ಲಾರಿ ಮೇಲೆ ಕೂತಿತ್ತು ಮಾರಾಯ್ರೆ. ಲಾರಿ ಹೊರಟ್ರೂ ಇಳೀಲೇ ಇಲ್ಲ" ಎಂದ ಎದುರಿನ ಚಾದಂಗಡಿಯವ.

ಗಣಪತಿ ಹಾಲು ಅನ್ನ ಕಿವುಚಿ ತಟ್ಟೆಯಲ್ಲಿಟ್ಟ. ಒಂದು ಮರಿ ತಟ್ಟೆಯೊಳಗೇ ಇಳಿದು ನಿಂತಿತು. ಇನ್ನೊಂದು ಮೂಗು ಅದ್ದಿ ಸೀನಿತು. ಮೂರನೆಯದು ತಟ್ಟೆಗೆ ಬೆನ್ನು ಹಾಕಿ ತಾಯಿಯನ್ನು ಕರೆಯಿತು. ಮರುದಿನಕ್ಕೆ ಕೂಗು ಸಣ್ಣದಾಯಿತು. ಜೋರು ಕೂಗಿಗಿಂತ ಆ ಕ್ಷೀಣವಾದ ದನಿಯೇ ನಮ್ಮನ್ನು ಹೆಚ್ಚು ಹೆದರಿಸಿತು. ನಾನು ಕರಾರು ಮುರಿದು ಖಾನಾವಳಿಯಿಂದ ಬಂಗಡೆಯ ತುಂಡೊಂದನ್ನು ತಂದು, ಮಸಾಲೆ ತೊಳೆದು ಅವುಗಳ ಮುಂದಿಟ್ಟೆ. ಬೂದು ಮರಿ ಗಬಕ್ಕನೆ ಬಾಯಿ ಹಾಕಿದ್ದೇ, ಮುಳ್ಳು ಗಂಟಲಲ್ಲಿ ಸಿಕ್ಕಿ ನೆಲದ ಮೇಲೆ ಹೊರಳಾಡತೊಡಗಿತು. ನಾನು ಸುಮ್ಮನೆ ಕೈಕೈ ಹಿಸುಕಿಕೊಂಡು ನಿಂತೆ. ಜನ್ಮದಲ್ಲಿ ಮೀನು ಮುಟ್ಟದ ಗಣಪತಿ ಅದರ ಬಾಯಿಗೆ ಬೆರಳು ಹಾಕಿ ಮುಳ್ಳು ಎಳೆದು ತೆಗೆದ.

"ನೀ ಇನ್ನು ಮೀನಿನ ಸುದ್ದಿಗೇ ಬರಡ. ನಾನೇ ತತ್ತೆ" ಎಂದ.

ಹೀಗೆ ಗಣಪತಿ ಹೆಗಡೆ ಕುಮಟೆಯ ಮೀನು ಪೇಟೆಗೆ ಹೊರಟ. ನಾನೂ ಹಿಂದೆ ಹೋದೆ. ಬೆಕ್ಕಿಗೆ ಎಂದರೆ ಹಳಸಿದ್ದು ಕೊಡುತ್ತಾರೆಂದು ಅವನಿಗೆ ಸಂಶಯ.

"ಎಂತ ಹೆಗಡೇರೇ, ದಾರಿ ತಪ್ಪಿ ಬಂದ್ರಾ?" ಎಂದಳು ಮೀನು ಮಾರುವವಳು.

ಅವನು ಕಿವಿ ಕೆಂಪಗೆ ಮಾಡಿಕೊಂಡು, "ಮನೇಲಿ ಸಣ್ಣವು ಇದ್ದಾವೆ. ಈಗಷ್ಟೇ ತಾಯಿ ಹಾಲು ಬಿಟ್ಟದ್ದು. ಮುಳ್ಳು ಕಡಿಮೆ ಇರೋದು ಕೊಡಿ" ಎಂದ.

ಅವಳು ಅವನ ಮುಖ ನೋಡಿದಳು, ಪಕ್ಕದವಳ ಮುಖ ನೋಡಿದಳು. ಒಳ್ಳೆಯ ನೊಗ್ಲಿ ಮೀನು ಆರಿಸಿ, ಮೇಲೊಂದು ಹೆಚ್ಚಿಗೆ ಹಾಕಿ ಕೊಟ್ಟಳು.

ನನ್ನ ಚಹಾ ಪಾತ್ರೆಯಲ್ಲಿ ಮೀನು ಬೆಂದಿತು. ಗಣಪತಿ ಮೂಗಿಗೆ ಪಂಚೆ ಕಟ್ಟಿ, ಜನಿವಾರ ಕಿವಿಗೆ ಸುತ್ತಿ, ಮುಳ್ಳು ಹೆಕ್ಕಿ, ಅನ್ನದ ಜೊತೆ ನುಣ್ಣಗೆ ನುರಿದು ಬೆರಳ ತುದಿಯಲ್ಲಿ ಹಿಡಿದ. ಬೂದು ಮರಿ ಮೂಸಿತು, ನೆಕ್ಕಿತು, ಆಮೇಲೆ ಬೆರಳನ್ನೇ ಕಚ್ಚಿತು. "ತಿಂತು! ತಿಂತು!" ಎಂದು ಅವನು ಕೂಗಿದ್ದು ಚಾದಂಗಡಿಗೂ ಕೇಳಿಸಿತು. ನಾಲ್ಕಾರು ದಿನದಲ್ಲಿ ಮೂರೂ ಮರಿಗಳು ಬೆರಳು ಬಿಟ್ಟು ತಟ್ಟೆಗೆ ಬಂದವು.

ಒಂದು ಭಾನುವಾರ ಬೆಳಿಗ್ಗೆ ಗಣಪತಿಯ ಅಪ್ಪಯ್ಯ ಬಾಗಿಲಲ್ಲಿ ನಿಂತಿದ್ದರು. ಮೀನು ಪೇಟೆಯಿಂದ ಹೊರಟ ಸುದ್ದಿ ಸಂತೆಗುಳಿಗೆ ಹೋಗಿ, ಹುಡುಗಿಯ ಮನೆ ಮುಟ್ಟಿ, ಅಲ್ಲಿಂದ ಕತಗಾಲಕ್ಕೆ ಬಂದಿತ್ತು. ಕುಮಟೆಯಲ್ಲಿ ಹೆಗಡೆಯ ಮಾಣಿಗೆ ಗುಟ್ಟಿನ ಸಂಸಾರ ಇದೆ ಎಂದು. ಅದು ನಮಗೆ ಗೊತ್ತಿರಲಿಲ್ಲ.

"ಎಲ್ಲಿದ್ದು?" ಎಂದರು ಅಪ್ಪಯ್ಯ.

ಮರಿಗಳ ವಿಷಯ ಅಪ್ಪನಿಗೂ ತಿಳಿಯಿತೆಂದು ಗಣಪತಿಗೆ ಸಂತೋಷ. "ಒಳಗಿದ್ದು ಅಪ್ಪಯ್ಯ. ಈಗಷ್ಟೇ ಉಂಡು ಮನಗಿದ್ದು."

"ಒಂದೇ ಅಲ್ದನಾ?"

"ಮೂರಿದ್ದು."

ಅಪ್ಪಯ್ಯ ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಅದ್ರ ತಾಯಿ?"

"ಬಿಟ್ಟಿಕ್ಕೆ ಹೋತು. ಮೀನಿನ ಲಾರಿ ಹತ್ತಿ ಹೋತಡ."

ಅವರ ಮನೆಮಾತಿನಲ್ಲಿ ಹೆಂಗಸಿಗೂ "ಹೋತು", ಬೆಕ್ಕಿಗೂ "ಹೋತು". ನನಗೆ ವಿಷಯ ಹೊಳೆದರೂ ಮುಖದ ತುಂಬ ಕ್ಷೌರದ ನೊರೆ ಇತ್ತು. ಒರೆಸಿಕೊಳ್ಳುವಷ್ಟರಲ್ಲಿ ಅಪ್ಪಯ್ಯ, "ಡ್ರೈವರನ ಸಂಗ್ತಿಗಾ?" ಎಂದು ಕೇಳಿಯೂ ಬಿಟ್ಟರು.

"ಗೊತ್ತಿಲ್ಲೆ. ಮೇಲೆ ಕೂತ್ಕಂಡಿತ್ತಡ."

ಅಷ್ಟರಲ್ಲಿ ಬೂದು ಮರಿ ಮೈ ಮುರಿಯುತ್ತ ಹೊರಗೆ ಬಂದು ಅಪ್ಪಯ್ಯನ ಪಂಚೆಯನ್ನು ಮೂಸಿತು. ಹಿಂದೆ ಉಳಿದೆರಡೂ ಬಂದವು. ಅಪ್ಪಯ್ಯ ಅವನ್ನು ನೋಡಿದರು, ಮಗನನ್ನು ನೋಡಿದರು. "ಇದನಾ?" ಎಂದವರು ಹೊಸ್ತಿಲ ಮೇಲೆ ಕುಸಿದು ಕೂತು ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ಆಮೇಲೆ ಸಿಟ್ಟು ಬಂತು. "ನಿನ್ನ ಆಯಿ ಅಲ್ಲಿ ಊಟ ಬಿಟ್ಟು ಕೂತಿದ್ದು!"

ಅಪ್ಪಯ್ಯ ಸಿಕ್ಕಿದ ಬಸ್ಸಿನಲ್ಲಿ ಮಗನನ್ನೂ ಮರಿಗಳ ಬುಟ್ಟಿಯನ್ನೂ ಸಂತೆಗುಳಿಗೆ ಒಯ್ದು ಹುಡುಗಿಯ ಮನೆಯ ಜಗಲಿಯಲ್ಲಿಟ್ಟರು. ಹುಡುಗಿ ಬುಟ್ಟಿಗೆ ಕೈ ಹಾಕಿ ಬೂದು ಮರಿಯನ್ನು ಎತ್ತಿಕೊಂಡವಳು ಕೆಳಗಿಡಲಿಲ್ಲ. ಮದುವೆ ನಿಶ್ಚಯವಾಯಿತು.

ಆ ಮದುವೆಯ ದಿನ ಅಪ್ಪಯ್ಯ ನನ್ನನ್ನು ಹಿಡಿದು, "ನಿಂದು ಯಾವಾಗ ಮಾರಾಯಾ?" ಎಂದು ಕೇಳಿದರು. "ನಮ್ಮ ಆಯಿ ಹೆಣ್ಣು ನೋಡ್ತಾ ಇದ್ದಾಳೆ" ಎಂದು ಜಾರಿಕೊಂಡೆ. ಹಿಂದಿನ ವಾರವಷ್ಟೇ ಭಟ್ಕಳ ಕಡೆಯಿಂದ ಹೆಣ್ಣಿನವರು ಕಾಸರಕೋಡಿಗೆ ಬಂದಿದ್ದರು. ಮನೆ ಮೆಚ್ಚಿದರು, ನೌಕರಿ ಮೆಚ್ಚಿದರು. ಎಲ್ಲರೂ ಊಟಕ್ಕೆ ಕೂತೆವು. ಬಡಿಸುತ್ತ ಬಂದ ಆಯಿ ಎಂದಿನಂತೆ ನನ್ನೆದುರು ಕುಕ್ಕರುಗಾಲಲ್ಲಿ ಕೂತು, ನನ್ನ ಬಂಗಡೆಯ ಮುಳ್ಳು ಒಂದೊಂದಾಗಿ ತೆಗೆದು, ಮೆತ್ತಗಿನ ತುಂಡುಗಳನ್ನು ಅನ್ನದ ಬದಿಗೆ ಇಡುತ್ತ ಹೋದಳು. ನಾನು ತಲೆ ತಗ್ಗಿಸಿ ತಿನ್ನುತ್ತಿದ್ದೆ. ತಡವಾಗಿ ತಲೆ ಎತ್ತಿ ನೋಡಿದೆ. ಹೆಣ್ಣಿನ ಸೋದರಮಾವ ತುತ್ತು ಕೈಯಲ್ಲೇ ಹಿಡಿದು ನನ್ನನ್ನೇ ನೋಡುತ್ತಿದ್ದರು.

"ತಮ್ಮಂಗೆ ವಯಸ್ಸೆಷ್ಟು ಅಂದ್ರಿ?" ಎಂದು ಕೇಳಿದರು.

"ಇಪ್ಪತ್ತಾರು ತುಂಬ್ತು" ಎಂದಳು ಆಯಿ ಹೆಮ್ಮೆಯಿಂದ, ಇನ್ನೊಂದು ತುಂಡು ಇಡುತ್ತ.