ಮುಳುಗಿದ ಊರಿನಲ್ಲಿ ದೋಣಿ ಕಟ್ಟುವ ಜಾಗ

ಊರು ಮುಳುಗಿದ ಮೇಲೆ ನಗುವುದಾದರೂ ನಿಲ್ಲಬೇಕಿತ್ತು. ಹಿನ್ನೀರಿನ ಕೆಲಸದಲ್ಲಿ ಅದೂ ನಿಲ್ಲಲಿಲ್ಲ. ಬೀಳಗಿ ಕಡೆಯ ನಮ್ಮೂರನ್ನು ಆಣೆಕಟ್ಟಿನ ನೀರಿಗೆ ಬಿಟ್ಟುಕೊಟ್ಟದ್ದಕ್ಕೆ ಸರಕಾರ ನನಗೊಂದು ನೌಕರಿ ಕೊಟ್ಟಿತ್ತು. ಏನು ನೌಕರಿ? ಅದೇ ಊರಿನ ಮೇಲೆ ಮೋಟಾರು ದೋಣಿ ನಡೆಸುವುದು.

೧. ನಕ್ಷೆಯಲ್ಲಿಲ್ಲದ್ದು

ಮೊದಲ ದಿನ ನೀರಾವರಿ ಇಲಾಖೆಯ ಸಾಹೇಬರು ದೋಣಿಯಲ್ಲಿ ನಕ್ಷೆ ಹರವಿಕೊಂಡು ಕೂತರು. ನಾನು ಉದ್ದನೆಯ ಗಳ ಇಳಿಸಿ ಆಳ ನೋಡಿ, "ಎಡಕ್ಕ ಹೋಗೂಣ್ರಿ, ಇಲ್ಲಿ ನೀರು ಕಡಿಮಿ ಐತಿ" ಎಂದೆ.

"ನಕ್ಷಾದಾಗ ಇಲ್ಲೆ ಏನೂ ಇಲ್ಲ. ಸೀದಾ ನಡಿ."

ಹತ್ತು ಮಾರು ಹೋಗುವಷ್ಟರಲ್ಲಿ ದೋಣಿ ಕಚ್ಚಿಕೊಂಡು ನಿಂತಿತು. ಸಾಹೇಬರೂ ಪ್ಯಾಂಟು ಮಡಚಿ ಇಳಿದು ನೂಕಬೇಕಾಯಿತು. ಮೊಣಕಾಲ ತನಕ ಕರಿ ರಾಡಿ. ಮೂಗು ಮುಚ್ಚಿಕೊಂಡು, "ಏನಲೇ ಇದು?" ಎಂದರು.

"ನಮ್ಮೂರ ತಿಪ್ಪಿರಿ. ನಕ್ಷಾ ಬರ್ಯಾಕ ಬಂದಾವ್ರು ವಾಸನಿಗೆ ಆ ಕಡಿಂದನ ಹೊಳ್ಳಿ ಹೋಗಿದ್ರು."

೨. ಗೌಡರ ಅಂಗಳ

ನಮ್ಮೂರಲ್ಲಿ ಗೌಡರ ಮನೆ ಮುಂದೆ ಯಾರೂ ಚಪ್ಪಲಿ ಮೆಟ್ಟಿ ನಡೆಯುತ್ತಿರಲಿಲ್ಲ. ಒಂದು ದಿನ ದೋಣಿ ತುಂಬ ನಮ್ಮೂರವರೇ ಇದ್ದರು. ನಡುನೀರಿನಲ್ಲಿ ನನ್ನ ಸೋದರತ್ತೆ ಕೂಗಿದಳು: "ಏ ನಿಲ್ಲಸೋ! ಗೌಡ್ರ ಅಂಗಳದ ಮ್ಯಾಲ ಚಪ್ಲಿ ಹಾಕ್ಕೊಂಡು ಹೊಂಟೀರೆಲ್ಲಾ!"

ನನಗೆ ಸಿಟ್ಟು ನೆತ್ತಿಗೇರಿತು. "ಅತ್ತಿ, ಗೌಡ್ರು ಜಮಖಂಡ್ಯಾಗ ಮನಿ ಕಟ್ಟಿಸ್ಕೊಂಡು ಆರಾಮ ಅದಾರಬೇ! ನಾವು ತಗಡಿನ ಶೆಡ್ಡಿನ್ಯಾಗ ಸಾಯಾಕತ್ತೇವಿ."

"ಗೌಡ್ರು ಹೋದ್ರ ಹೋಗ್ಲಿ. ಅಂಗಳ ಇಲ್ಲೇ ಐತಲ್ಲೋ?"

ಎಲ್ಲರೂ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡರು. ಗೌಡರನ್ನು ಬೈಯುತ್ತಲೇ ನಾನೂ ಚಪ್ಪಲಿ ಕಳಚಿದೆ.

೩. ಗಟ್ಟಿ ಜಾಗ

ಸಂಜೆ ದೋಣಿ ಕಟ್ಟುವುದೇ ದೊಡ್ಡ ತಲೆನೋವು. ದಡದ ಮಣ್ಣಿನಲ್ಲಿ ಗೂಟ ನಿಲ್ಲದು. ಎರಡು ಸಲ ಗಾಳಿಗೆ ಗೂಟ ಕಿತ್ತು ದೋಣಿ ತೇಲಿ ಹೋಯಿತು. "ಮೂರನೇ ಸಲ ಹೋತಂದ್ರ ನಿನ್ನ ನೌಕರಿನೂ ಹೋತು" ಎಂದರು ಸಾಹೇಬರು. ಊರು ಹೋಗಿತ್ತು, ಹೊಲ ಹೋಗಿತ್ತು. ಹೆಂಡತಿ ಮಕ್ಕಳ ಹೊಟ್ಟೆಗೆ ಉಳಿದದ್ದು ಅದೊಂದೇ.

ಕೊನೆಗೆ, ಬೇಡ ಬೇಡವೆಂದು ಇಷ್ಟು ದಿನ ದೂರ ಇಟ್ಟಿದ್ದ ಒಂದು ಜಾಗಕ್ಕೆ ಹೋದೆ. ಬಂಡೆಯ ದಿಬ್ಬದ ಮೇಲೆ ನಾಲ್ಕು ಕಲ್ಲು ಕಂಬ, ಅರ್ಧ ನೀರಿನಲ್ಲಿ, ಅರ್ಧ ಮೇಲೆ. ಒಂದಕ್ಕೆ ಎತ್ತು ಕಟ್ಟುವ ಕಬ್ಬಿಣದ ಬಳೆ ಇನ್ನೂ ಇತ್ತು. ಅದಕ್ಕೇ ಹಗ್ಗ ಬಿಗಿದೆ.

ಆ ವಾರವೇ ಮೂರು ದಿನ ಬಿರುಗಾಳಿ. ಮೀನಿನವರ ದೋಣಿಗಳೆಲ್ಲ ದಿಕ್ಕಾಪಾಲು. ನಮ್ಮದು ಗೇಣು ಸಹ ಅಲುಗಲಿಲ್ಲ. ಸಾಹೇಬರು ಬಂದು ಕಂಬ ಅಲುಗಾಡಿಸಿ ನೋಡಿದರು, ಬೆನ್ನು ತಟ್ಟಿದರು. "ಶಾಬಾಸ್! ಇಷ್ಟು ಗಟ್ಟಿ ಜಾಗಾ ಇಡೀ ಹಿನ್ನೀರಿನ್ಯಾಗ ಇಲ್ಲ. ಯಾರು ಹುಡುಕಿದ್ದು?"

"ನಮ್ಮಪ್ಪ ರೀ."

"ದೋಣಿ ಕಟ್ಟಾಕ?"

"ಮನಿ ಕಟ್ಟಾಕ ರೀ. ಊರು ಬಿಡಸೂ ಮುಂದ ಪರಿಹಾರದ ಲೆಕ್ಕಾ ಹಾಕಾಕ ನೀವ ಬಂದು, ಒಂದು ಮಳಿಗಾಲನೂ ತಡ್ಯಾಂಗಿಲ್ಲ ಅಂತ ಬರಕೊಂಡು ಹೋಗಿದ್ರಲ್ಲ, ಅದ ಮನಿ."